ಬಂದೂಕು ಕೆಳಗಿಟ್ಟ ಮೇಲೆ ನಮ್ಮನ್ನು ಕಾಯುವವರು ಯಾರು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ ಇದು. ಸಭೆಯಲ್ಲಿ ಆಡಿದ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೇಳುಗರು ಎತ್ತಿದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಯುದ್ಧ ಅಂದ ಕೂಡಲೇ ನಮಗೆ ನೆನಪಾಗುವುದು ಎರಡು ದೇಶ, ನಡುವೆ ಒಂದು ಗಡಿ, ಆಚೆ ಈಚೆ ಸೈನ್ಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಾಸ್ತಿ ಜನ ಸತ್ತಿರುವುದು ಮಾತ್ರ ಅಂಥ ಯುದ್ಧಗಳಲ್ಲಿ ಅಲ್ಲ. ಜೇಮ್ಸ್ ಫಿಯರಾನ್ ಮತ್ತು ಡೇವಿಡ್ ಲೈಟಿನ್ ಎಂಬ ಇಬ್ಬರು ರಾಜಕೀಯ ವಿಜ್ಞಾನಿಗಳು 1945ರಿಂದ 1999ರವರೆಗಿನ ಲೆಕ್ಕ ತೆಗೆದರು. ಕನಿಷ್ಠ ಸಾವಿರ ಜನ ಸತ್ತ ಯುದ್ಧಗಳನ್ನಷ್ಟೇ ಹಿಡಿದರು. ದೇಶ ದೇಶಗಳ ನಡುವಿನ ಯುದ್ಧ 25, ಸತ್ತವರು ಸುಮಾರು 33 ಲಕ್ಷ. ದೇಶದ ಒಳಗಿನ ಯುದ್ಧ ಸುಮಾರು 127, ಸತ್ತವರು ಕಡಿಮೆ ಅಂದರೂ 1.62 ಕೋಟಿ. ಹತ್ತಿರ ಹತ್ತಿರ ಐದು ಪಟ್ಟು. ದೇಶಗಳ ನಡುವಿನ ಯುದ್ಧ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಒಳಗಿನದ್ದು ವರ್ಷಗಟ್ಟಲೆ ಎಳೆಯುತ್ತದೆ.

ಯಾಕೆ ಹೀಗೆ ಅಂತ ಯಾರನ್ನು ಕೇಳಿದರೂ ಥಟ್ಟನೆ ಬರುವ ಉತ್ತರ ಒಂದೇ. "ಅಲ್ಲಿ ಹತ್ತಾರು ಜನಾಂಗ, ಧರ್ಮ ಬೇರೆ, ಭಾಷೆ ಬೇರೆ, ಹಳೇ ದ್ವೇಷ. ಹೊಡೆದಾಡದೆ ಇನ್ನೇನು ಮಾಡುತ್ತಾರೆ?"

ಸರಿ, ತಾಂಜಾನಿಯಾ ನೋಡಿ. 120ಕ್ಕೂ ಹೆಚ್ಚು ಜನಾಂಗಗಳಿವೆ. ಬಡ ದೇಶ. ರಾಜಕೀಯ ಗಲಾಟೆ, ಚುನಾವಣೆ ಹಿಂಸೆ ಇಲ್ಲ ಅಂತಲ್ಲ, ಆದರೆ ಅಂತರ್ಯುದ್ಧ ಆಗಿಲ್ಲ. ಈಗ ಸೊಮಾಲಿಯಾ ನೋಡಿ. ಬಹುಪಾಲು ಎಲ್ಲರದ್ದೂ ಒಂದೇ ಭಾಷೆ, ಒಂದೇ ಧರ್ಮ, ಒಂದೇ ಜನಾಂಗ. ಆಫ್ರಿಕಾದಲ್ಲಿ ಅಷ್ಟು ಏಕರೂಪದ ದೇಶ ಹುಡುಕಿದರೂ ಸಿಗುವುದು ಕಷ್ಟ. 1991ರಲ್ಲಿ ಸಿಯಾದ್ ಬಾರೆ ಸರ್ಕಾರ ಬಿತ್ತು, ದೇಶವೇ ಚೂರುಚೂರಾಯಿತು. ಜನ ತಮ್ಮ ತಮ್ಮ ಕುಲದ ಹಿಂದೆ ಹೋದರು. ಕುಲದ ಮೇಲೆ ಪ್ರೀತಿ ಉಕ್ಕಿ ಹೋದರು ಅಂತ ನನಗೆ ಅನಿಸುವುದಿಲ್ಲ. ಪೊಲೀಸ್ ಇಲ್ಲ, ಕೋರ್ಟ್ ಇಲ್ಲ. ರಾತ್ರಿ ಮನೆಗೆ ಯಾರಾದರೂ ನುಗ್ಗಿದರೆ ಬರುವವರು ಕುಲದವರು ಮಾತ್ರ.

ಫಿಯರಾನ್ ಮತ್ತು ಲೈಟಿನ್ ಕಂಡುಕೊಂಡದ್ದೂ ಇದನ್ನೇ. ದೇಶದ ಆದಾಯದ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಎಷ್ಟು ಜನಾಂಗ ಇದೆ ಅನ್ನುವುದರಿಂದ ಯುದ್ಧದ ಅಪಾಯ ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ಬಡತನದಿಂದ, ದುರ್ಬಲ ಸರ್ಕಾರದಿಂದ, ಅಡಗಲು ಅನುಕೂಲವಾದ ಗುಡ್ಡಗಾಡಿನಿಂದ. ಅಂದರೆ ಬಂಡಾಯ ಎಲ್ಲಿ ಬದುಕಿ ಉಳಿಯಬಲ್ಲದೋ ಅಲ್ಲಿ ಬಂಡಾಯ ಬೆಳೆಯುತ್ತದೆ.

ಹಾಗಾದರೆ ಬಡತನವೇ ಕಾರಣವಾ? ಅಷ್ಟು ಸುಲಭ ಇಲ್ಲ. ಜಾಂಬಿಯಾದಲ್ಲಿ 70ಕ್ಕೂ ಹೆಚ್ಚು ಜನಾಂಗಗಳು. ತಾಮ್ರದ ಬೆಲೆ ಬಿದ್ದು ದೇಶ ದಿವಾಳಿ ಅಂಚಿಗೆ ಬಂದಿತ್ತು. ಸುತ್ತ ಅಂಗೋಲಾ, ಮೊಜಾಂಬಿಕ್, ಕಾಂಗೋ ಹೊತ್ತಿ ಉರಿದವು. ಜಾಂಬಿಯಾದಲ್ಲಿ ಅಂತರ್ಯುದ್ಧ ಆಗಲಿಲ್ಲ. 27 ವರ್ಷ ಆಳಿದ ಕೆನೆತ್ ಕೌಂಡಾ 1991ರ ಚುನಾವಣೆಯಲ್ಲಿ ಸೋತರು, ಕುರ್ಚಿ ಬಿಟ್ಟು ಮನೆಗೆ ಹೋದರು. ಅಸಮಾಧಾನ ಎಲ್ಲ ಕಡೆ ಇರುತ್ತದೆ, ಯುದ್ಧ ಎಲ್ಲ ಕಡೆ ಇಲ್ಲ. ಈ ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ, ಅಸಮಾಧಾನಕ್ಕೆ ಸರ್ಕಾರ ಏನು ಉತ್ತರ ಕೊಡುತ್ತದೆ ಅನ್ನುವುದು. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಅದಕ್ಕೆ ಮೊದಲು ವಜ್ರದ ಕತೆ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮಾತು ಬಂದಾಗಲೆಲ್ಲ ಯಾರಾದರೂ ಅದನ್ನು ಎತ್ತುತ್ತಾರೆ. "ನೆಲದಲ್ಲಿ ಸಂಪತ್ತು ಇದ್ದರೆ ಯುದ್ಧ ಗ್ಯಾರಂಟಿ" ಅಂತ. ಸಿಯೆರಾ ಲಿಯೋನ್‌ನಲ್ಲಿ ವಜ್ರ ಇತ್ತು, 1991ರಿಂದ 2002ರವರೆಗೆ ಯುದ್ಧ ನಡೆಯಿತು. ಬೋಟ್ಸ್ವಾನಾದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ವಜ್ರ ಇದೆ, ಯುದ್ಧ ಇಲ್ಲ.

ವ್ಯತ್ಯಾಸ ಸ್ವಲ್ಪ ನೆಲದಲ್ಲೇ ಇದೆ. ಸಿಯೆರಾ ಲಿಯೋನ್‌ನ ಕೋನೋ ಜಿಲ್ಲೆಯಲ್ಲಿ ವಜ್ರ ಇರುವುದು ಹೊಳೆಯ ಮರಳಿನಲ್ಲಿ, ಜಲ್ಲಿಯಲ್ಲಿ. ಒಂದು ಸಲಿಕೆ, ಒಂದು ಜರಡಿ, ಸೊಂಟದವರೆಗಿನ ನೀರಿನಲ್ಲಿ ನಿಲ್ಲುವ ಹುಡುಗ, ಇಷ್ಟಿದ್ದರೆ ಗಣಿಗಾರಿಕೆ ಶುರು. ಅವನ ಪಕ್ಕದಲ್ಲಿ ಬಂದೂಕು ಹಿಡಿದವನೊಬ್ಬ ನಿಂತರೆ ಗಣಿ ಅವನದ್ದಾಯಿತು. ಸಿಕ್ಕಿದ ಕಲ್ಲು ಜೇಬಿನಲ್ಲಿ ಗಡಿ ದಾಟುತ್ತದೆ. ಬೋಟ್ಸ್ವಾನಾದ ಒರಾಪಾದಲ್ಲಿ ಹಾಗಲ್ಲ. ಅಲ್ಲಿ ಬಂಡೆಯನ್ನು ಆಳಕ್ಕೆ ಅಗೆದು, ಪುಡಿ ಮಾಡಿ, ದೊಡ್ಡ ಯಂತ್ರಗಳಲ್ಲಿ ಬೇರ್ಪಡಿಸಬೇಕು. ನಾಲ್ಕು ಜನ ಬಂಡುಕೋರರು ಬಂದು ಮಾಡುವ ಕೆಲಸ ಅಲ್ಲ.

ಆದರೆ ಇನ್ನುಳಿದ ವ್ಯತ್ಯಾಸ ಮನುಷ್ಯರು ಮಾಡಿದ್ದು. ಒರಾಪಾದ ವಜ್ರ 1967ರಲ್ಲಿ ಸಿಕ್ಕಿತು. ಅದು ಸಿಕ್ಕಿದ್ದು ಆಗಿನ ಅಧ್ಯಕ್ಷ ಸೆರೆತ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲದಲ್ಲಿ. ಆ ದೇಶ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ರಾಷ್ಟ್ರಕ್ಕೆ ವರ್ಗಾಯಿಸಿತು. "ಇದು ನಮ್ಮವರದ್ದು" ಅಂತ ಅಧ್ಯಕ್ಷರು ಇಟ್ಟುಕೊಳ್ಳಲಿಲ್ಲ. ಹಣ ಶಾಲೆಗೆ, ರಸ್ತೆಗೆ ಹೋಯಿತು. ಸಿಯೆರಾ ಲಿಯೋನ್‌ನಲ್ಲಿ ಆಳುವವರು ವಜ್ರದ ವ್ಯಾಪಾರವನ್ನು ತಮ್ಮ ಹತ್ತಿರದವರಿಗೆ ಹಂಚಿದರು. ಸೈನಿಕರಿಗೆ ಸರಿಯಾಗಿ ಸಂಬಳವೂ ಸಿಗುತ್ತಿರಲಿಲ್ಲ. ಯುದ್ಧ ಶುರುವಾದ ಮೇಲೆ ಹಗಲು ಸೈನಿಕ, ರಾತ್ರಿ ಬಂಡುಕೋರ ಆಗಿ ಎರಡೂ ಕಡೆ ದೋಚುವವರು ಹುಟ್ಟಿಕೊಂಡರು. ಹಳ್ಳಿಯವರಿಗೆ ಯಾರಿಗೆ ಹೆದರಬೇಕು ಅನ್ನುವುದೇ ತಿಳಿಯಲಿಲ್ಲ. ವಜ್ರ ಯುದ್ಧಕ್ಕೆ ಖರ್ಚು ಒದಗಿಸಿತು, ನಿಜ. ಆದರೆ ಸರ್ಕಾರ ಒಳಗಿನಿಂದ ಟೊಳ್ಳಾಗಿರದಿದ್ದರೆ 1991ರಲ್ಲಿ ಲೈಬೀರಿಯಾ ಗಡಿ ದಾಟಿ ಬಂದ ಸಣ್ಣ ಗುಂಪಿಗೆ ಹನ್ನೊಂದು ವರ್ಷ ಹೋರಾಡಲು ಆಗುತ್ತಿರಲಿಲ್ಲ.

ಈಗ ಶ್ರೀಲಂಕಾ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1948ರಲ್ಲಿ ಸ್ವಾತಂತ್ರ್ಯ ಬಂದಾಗ ಏಷ್ಯಾದಲ್ಲಿ ಅತ್ಯಂತ ಭರವಸೆ ಇದ್ದ ದೇಶಗಳಲ್ಲಿ ಅದೂ ಒಂದು. ಓದು ಬರಹ ಬಲ್ಲವರು ಜಾಸ್ತಿ, ಆಸ್ಪತ್ರೆಗಳು ಚೆನ್ನಾಗಿದ್ದವು, 1931ರಿಂದಲೇ ಎಲ್ಲ ವಯಸ್ಕರಿಗೂ ಮತದಾನದ ಹಕ್ಕಿತ್ತು. 1956ರಲ್ಲಿ ಸಿಂಹಳವನ್ನು ಏಕೈಕ ಅಧಿಕೃತ ಭಾಷೆ ಮಾಡುವ ಕಾನೂನು ಬಂತು. ಸರ್ಕಾರಿ ಕೆಲಸದಲ್ಲಿದ್ದ ತಮಿಳರಿಗೆ ಬಡ್ತಿ ಬೇಕು ಅಂದರೆ ಸಿಂಹಳ ಪರೀಕ್ಷೆ ಪಾಸು ಮಾಡಬೇಕು. ಮರು ವರ್ಷವೇ ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಗಂ ಕೂತು ಒಪ್ಪಂದ ಮಾಡಿಕೊಂಡರು. ತಮಿಳಿಗೆ ಸ್ಥಾನ, ಪ್ರಾಂತೀಯ ಮಂಡಳಿಗಳಿಗೆ ಒಂದಿಷ್ಟು ಅಧಿಕಾರ. ವಿರೋಧ ಪಕ್ಷ ಮೆರವಣಿಗೆ ಮಾಡಿತು, ಭಿಕ್ಷುಗಳು ಪ್ರಧಾನಿ ಮನೆ ಮುಂದೆ ಧರಣಿ ಕೂತರು. 1958ರ ಏಪ್ರಿಲ್‌ನಲ್ಲಿ ಪ್ರಧಾನಿ ಒಪ್ಪಂದ ಕೈಬಿಟ್ಟರು. 1965ರಲ್ಲಿ ಇನ್ನೊಬ್ಬ ಪ್ರಧಾನಿ, ಇನ್ನೊಂದು ಒಪ್ಪಂದ. ಅದೂ ಹಾಗೇ ಆಯಿತು.

1970ರ ದಶಕದ ಆರಂಭದ ಒಂದು ವಿಷಯವನ್ನು ಹತ್ತಿರದಿಂದ ನೋಡಿ. ಇಬ್ಬರು ಹುಡುಗರು ವೈದ್ಯಕೀಯ ಕಾಲೇಜಿಗೆ ಸೇರಲು ಪರೀಕ್ಷೆ ಬರೆಯುತ್ತಾರೆ. ಒಬ್ಬ ಬರೆಯುವುದು ಸಿಂಹಳದಲ್ಲಿ, ಇನ್ನೊಬ್ಬ ತಮಿಳಿನಲ್ಲಿ. ಸಿಂಹಳದಲ್ಲಿ ಬರೆದವನಿಗೆ 400ಕ್ಕೆ 229 ಬಂದರೆ ಸೀಟು. ತಮಿಳಿನಲ್ಲಿ ಬರೆದವನಿಗೆ 250 ಬೇಕು. ಸರ್ಕಾರದ ವಾದ ಸುಳ್ಳೇನೂ ಆಗಿರಲಿಲ್ಲ. ವಸಾಹತು ಕಾಲದಲ್ಲಿ ತಮಿಳರೇ ಹೆಚ್ಚಿರುವ ಉತ್ತರದ ಜಾಫ್ನಾದ ಶಾಲೆಗಳಿಗೆ ಹೆಚ್ಚು ಅನುಕೂಲ ಸಿಕ್ಕಿತ್ತು, ಹಿಂದುಳಿದ ಗ್ರಾಮೀಣ ಸಿಂಹಳ ಮಕ್ಕಳಿಗೂ ಅವಕಾಶ ಬೇಕಿತ್ತು. ಆದರೆ 240 ಅಂಕ ತೆಗೆದು ಮನೆಯಲ್ಲಿ ಕೂತ ಹುಡುಗನಿಗೆ ಆ ವಾದ ಹೇಗೆ ಕೇಳಿಸಿತು? ಅವನ ಅಪ್ಪನಿಗೆ ಬಡ್ತಿ ನಿಂತಿದೆ. ಅವನ ಪ್ರತಿನಿಧಿ ಮಾಡಿಕೊಂಡ ಒಪ್ಪಂದ ಎರಡು ಸಲ ಮುರಿದಿದೆ. ಮುಂದೆ ಬಂದೂಕು ಹಿಡಿದವರಲ್ಲಿ ಈ ತಲೆಮಾರಿನ ಹುಡುಗರು ತುಂಬ ಜನ.

ಆಕ್ಸ್‌ಫರ್ಡ್‌ನ ಅರ್ಥಶಾಸ್ತ್ರಜ್ಞೆ ಫ್ರಾನ್ಸಿಸ್ ಸ್ಟೀವರ್ಟ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಒಬ್ಬ ಬಡವ ಒಬ್ಬ ಶ್ರೀಮಂತನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟರೆ ಯುದ್ಧ ಆಗುವುದಿಲ್ಲ. ಒಂದು ಇಡೀ ಗುಂಪು "ನಮ್ಮವರು ಅನ್ನುವ ಒಂದೇ ಕಾರಣಕ್ಕೆ ನಮಗೆ ಸಿಗುತ್ತಿಲ್ಲ" ಅಂದುಕೊಂಡಾಗ ಅಪಾಯ. ಅದರಲ್ಲೂ ಆ ಗುಂಪಿನ ಓದಿದವರು ಮತ್ತು ಓದದವರು ಇಬ್ಬರಿಗೂ ಹಾಗೆ ಅನಿಸಿದರೆ, ಒಬ್ಬರು ನಾಯಕರಾಗುತ್ತಾರೆ, ಇನ್ನೊಬ್ಬರು ಸೈನಿಕರಾಗುತ್ತಾರೆ.

ಒಂದು ಮಾತು ಸೇರಿಸಬೇಕು. ಶ್ರೀಲಂಕಾದಲ್ಲಿ ಸರ್ಕಾರದ ವಿರುದ್ಧ ಮೊದಲು ದೊಡ್ಡದಾಗಿ ಶಸ್ತ್ರ ಎತ್ತಿದವರು ತಮಿಳರಲ್ಲ. 1971ರಲ್ಲಿ ಓದಿ ಕೆಲಸವಿಲ್ಲದ ಸಿಂಹಳ ಯುವಕರು ಜೆವಿಪಿ ಎಂಬ ಎಡಪಂಥದ ಸಂಘಟನೆಯ ನೇತೃತ್ವದಲ್ಲಿ ದಂಗೆ ಎದ್ದರು. ಹಾಗಾಗಿ ಎಲ್ಲವನ್ನೂ ಜನಾಂಗದ ತಲೆಗೆ ಕಟ್ಟುವುದು ಅಲ್ಲೂ ನಡೆಯುವುದಿಲ್ಲ.

ಆಮೇಲೆ 1981ರಲ್ಲಿ ಜಾಫ್ನಾ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟರು. ಸುಮಾರು 97 ಸಾವಿರ ಪುಸ್ತಕ ಮತ್ತು ಹಸ್ತಪ್ರತಿ ಬೂದಿಯಾದವು. 1983ರ ಜುಲೈನಲ್ಲಿ ಎಲ್ಟಿಟಿಇ, ಅಂದರೆ ಪ್ರತ್ಯೇಕ ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ತಮಿಳು ಹುಲಿಗಳು, ಜಾಫ್ನಾದಲ್ಲಿ 13 ಸೈನಿಕರನ್ನು ಕೊಂದರು. ಕೊಲಂಬೊದಲ್ಲಿ ತಮಿಳರ ಮೇಲೆ ದಾಳಿ ಶುರುವಾಯಿತು. ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿ ಇತ್ತು, ಯಾವ ಮನೆ ತಮಿಳರದ್ದು ಅಂತ ನೋಡಿಕೊಂಡು ಹೋದರು. ಇದಾದ ಮೇಲೆ ಸರ್ಕಾರ ಮಾಡಿದ ಕೆಲಸ ನೋಡಿ. ಆಗಸ್ಟ್‌ನಲ್ಲಿ ಸಂವಿಧಾನಕ್ಕೆ ಆರನೇ ತಿದ್ದುಪಡಿ ತಂದಿತು. ಪ್ರತ್ಯೇಕ ರಾಷ್ಟ್ರ ಬೇಡ ಅಂತ ಪ್ರಮಾಣ ಮಾಡದ ಸಂಸದರಿಗೆ ಸ್ಥಾನ ಇಲ್ಲ. ತಮಿಳರ ಮುಖ್ಯ ಪಕ್ಷದ ಸಂಸದರು ಸಂಸತ್ತಿನಿಂದ ಹೊರಬಿದ್ದರು. ಅಲ್ಲಿಯವರೆಗೆ ಸಣ್ಣ ಸಣ್ಣ ಗುಂಪುಗಳಾಗಿದ್ದ ಉಗ್ರರಿಗೆ ಸಾವಿರಾರು ಹುಡುಗರು ತಾವಾಗಿಯೇ ಬಂದು ಸೇರಿದರು. ಮಾತಾಡುವವರನ್ನು ಹೊರಗೆ ಕಳಿಸಿದರೆ ಆ ಜಾಗಕ್ಕೆ ಬರುವವರು ಯಾರು ಅಂತ ಯಾರೂ ಯೋಚಿಸಲಿಲ್ಲ ಅನಿಸುತ್ತದೆ. ಅಥವಾ ಯೋಚಿಸಿಯೂ ಮಾಡಿದರೋ ಏನೋ.

ಇಂಥದ್ದೇ ತಪ್ಪನ್ನು ಬ್ರಿಟನ್ ಉತ್ತರ ಐರ್ಲೆಂಡ್‌ನಲ್ಲಿ ಮಾಡಿತು. ಅಲ್ಲಿ 1960ರ ದಶಕದ ಕೊನೆಯಲ್ಲಿ ಕ್ಯಾಥೊಲಿಕರು ಕೇಳುತ್ತಿದ್ದದ್ದು ಮನೆ ಹಂಚಿಕೆಯಲ್ಲಿ ನ್ಯಾಯ, ಸ್ಥಳೀಯ ಚುನಾವಣೆಯಲ್ಲಿ ಎಲ್ಲರಿಗೂ ಒಂದೊಂದು ಓಟು. 1971ರ ಆಗಸ್ಟ್‌ನಲ್ಲಿ ವಿಚಾರಣೆ ಇಲ್ಲದೆ ಬಂಧಿಸುವ ಕ್ರಮ ಜಾರಿಗೆ ಬಂತು. ಮೊದಲ ಸುತ್ತಿನಲ್ಲೇ 342 ಜನರನ್ನು ಹಿಡಿದರು. ಪೊಲೀಸರ ಪಟ್ಟಿ ಹಳೆಯದು. ಬಂದೂಕು ಹಿಡಿದವರು ತಪ್ಪಿಸಿಕೊಂಡಿದ್ದರು. ಸಿಕ್ಕಿಬಿದ್ದವರಲ್ಲಿ ವಯಸ್ಸಾದವರು, ಬರೀ ಮೆರವಣಿಗೆಯಲ್ಲಿ ನಡೆದವರು ಇದ್ದರು. ಇನ್ನೊಂದು ಕಡೆಯ, ಅಂದರೆ ಪ್ರೊಟೆಸ್ಟೆಂಟ್ ಕಡೆಯ, ಉಗ್ರರನ್ನು ಒಬ್ಬರನ್ನೂ ಆಗ ಮುಟ್ಟಲಿಲ್ಲ. ಹಿಂಸೆ ಕಡಿಮೆ ಆಯಿತಾ? ಮುಂದಿನ ವರ್ಷ 1972, ಮೂವತ್ತು ವರ್ಷಗಳ ಆ ಸಂಘರ್ಷದಲ್ಲೇ ಅತಿ ಹೆಚ್ಚು ಜನ ಸತ್ತ ವರ್ಷ. ನೇಪಾಳದ ರೋಲ್ಪಾ ಜಿಲ್ಲೆಯಲ್ಲೂ ಇದೇ ಆಯಿತು. 1995ರಲ್ಲಿ ಪೊಲೀಸರು ಹಳ್ಳಿಗಳ ಮೇಲೆ ಕಾರ್ಯಾಚರಣೆ ಮಾಡಿದರು. ಮಾವೋವಾದಿಗಳಿಗೆ ಭರ್ತಿ ಮಾಡುವ ಕಷ್ಟವೇ ತಪ್ಪಿತು.

ಬಂಡಾಯ ಅಡಗಿಸಲು ಬಲ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾರ ಮೇಲೆ ಅನ್ನುವುದು ಗೊತ್ತಿಲ್ಲದೆ ಬಲ ಬಳಸಿದರೆ, ತಟಸ್ಥವಾಗಿದ್ದವನಿಗೂ ಮನೆಯಲ್ಲಿರುವುದಕ್ಕಿಂತ ಕಾಡಿನಲ್ಲಿರುವುದೇ ಕ್ಷೇಮ ಅನಿಸುತ್ತದೆ.

ಇದಕ್ಕೆ ತದ್ವಿರುದ್ಧದ ಒಂದು ಉದಾಹರಣೆ ನನಗೆ ತುಂಬ ಇಷ್ಟ. ಮಿಜೋರಾಂ. ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಒಂದು ಜಾತಿಯ ಬಿದಿರು ಇಡೀ ಗುಡ್ಡಗಳಲ್ಲಿ ಒಟ್ಟಿಗೇ ಹೂ ಬಿಡುತ್ತದೆ. ಆ ಬೀಜ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಬೀಜ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. ಬರಗಾಲ. ಮಿಜೋಗಳು ಇದನ್ನು ಮಾವ್ತಾಂ ಅನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಹಿರಿಯರು ಇದು ಬರುತ್ತದೆ ಅಂತ ಎಚ್ಚರಿಸಿದರು, ಜಿಲ್ಲಾ ಮಂಡಳಿ ಹಣ ಕೇಳಿತು. ಆಗ ಮಿಜೋ ಗುಡ್ಡಗಳು ಅಸ್ಸಾಂನಲ್ಲಿದ್ದವು. ಬಿದಿರು ಹೂ ಬಿಟ್ಟರೆ ಬರಗಾಲ ಬರುತ್ತದಂತೆ, ಮೂಢನಂಬಿಕೆ ಅಂತ ಅಧಿಕಾರಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1959ರಲ್ಲಿ ಬರ ಬಂತು. ಹಳ್ಳಿಗಳಿಗೆ ಅಕ್ಕಿ ಹೊರಲು ಹುಟ್ಟಿದ ಒಂದು ಪರಿಹಾರ ಸಂಘ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಎಂಬ ರಾಜಕೀಯ ಪಕ್ಷವಾಯಿತು. 1966ರಲ್ಲಿ ಸಶಸ್ತ್ರ ದಂಗೆ ಎದ್ದಿತು. ಸರ್ಕಾರ ಐಜಾಲ್ ಮೇಲೆ ವಿಮಾನದಿಂದ ದಾಳಿ ಮಾಡಿತು. ಹಳ್ಳಿಗಳನ್ನು ಖಾಲಿ ಮಾಡಿಸಿ ರಸ್ತೆ ಪಕ್ಕದ ಕಾವಲಿನ ಗುಂಪು ಹಳ್ಳಿಗಳಿಗೆ ಜನರನ್ನು ತುಂಬಿತು. ಇಪ್ಪತ್ತು ವರ್ಷ ಹೀಗೇ.

1986ರ ಜೂನ್ 30ರಂದು ಒಪ್ಪಂದವಾಯಿತು. ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ಅದಕ್ಕಾಗಿ ಆಗ ಮುಖ್ಯಮಂತ್ರಿಯಾಗಿದ್ದ ಲಾಲ್ ಥನ್‌ಹಾವ್ಲಾ ಕುರ್ಚಿ ಬಿಟ್ಟುಕೊಟ್ಟರು. ಮರು ವರ್ಷ ಮಿಜೋರಾಂ ರಾಜ್ಯವಾಯಿತು. ಮುಂದೊಮ್ಮೆ ಚುನಾವಣೆಯಲ್ಲಿ ಸೋತಾಗ ಲಾಲ್‌ಡೆಂಗಾ ಕಾಡಿಗೆ ವಾಪಸ್ ಹೋಗಲಿಲ್ಲ. ಇನ್ನು ಬಿದಿರು? ಅದು ತನ್ನ ಲೆಕ್ಕ ತಪ್ಪಲಿಲ್ಲ, 2007ರ ಹೊತ್ತಿಗೆ ಮತ್ತೆ ಹೂ ಬಿಟ್ಟಿತು. ಇಲಿಗಳು ಬಂದವು, ಬೆಳೆ ಹೋಯಿತು, ಜನರಿಗೆ ಕಷ್ಟವೂ ಆಯಿತು. ಈ ಸಲ ಸರ್ಕಾರ ವರ್ಷಗಳ ಮುಂಚೆಯೇ ಯೋಜನೆ ಮಾಡಿಟ್ಟಿತ್ತು. ದಂಗೆ ಏಳಲಿಲ್ಲ.

ಎಚ್ಚರಿಕೆ ಬರುವುದಿಲ್ಲ ಅನ್ನುವುದು ಬಹಳ ಸಲ ನೆಪ. ರುವಾಂಡಾದಲ್ಲಿ 1994ರ ಜನವರಿ 11ರಂದು ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥ ರೋಮಿಯೋ ಡಲೇರ್ ನ್ಯೂಯಾರ್ಕ್‌ಗೆ ಸಂದೇಶ ಕಳಿಸಿದರು. ಶಸ್ತ್ರ ಬಚ್ಚಿಟ್ಟಿದ್ದಾರೆ, ಕೊಲ್ಲಲು ಸಿದ್ಧತೆ ನಡೆದಿದೆ, ಹೋಗಿ ವಶಪಡಿಸಿಕೊಳ್ಳುತ್ತೇನೆ ಅಂತ. ಬೇಡ ಅನ್ನುವ ಉತ್ತರ ಬಂತು. ಏಪ್ರಿಲ್‌ನಲ್ಲಿ ಹುಟು ಉಗ್ರರಿಂದ ಟುಟ್ಸಿ ಜನಾಂಗದ ನರಮೇಧ ಶುರುವಾಯಿತು. ಅದು ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ಆ ಪಡೆಯನ್ನು 270 ಜನಕ್ಕೆ ಇಳಿಸಲು ನಿರ್ಧರಿಸಿತು. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಸತ್ತರು. ರಸ್ತೆ ತಡೆಗಳಲ್ಲಿ ಸಾವು ಬದುಕು ತೀರ್ಮಾನಿಸಿದ್ದು ಗುರುತಿನ ಚೀಟಿ. ಯಾರು ಹುಟು, ಯಾರು ಟುಟ್ಸಿ ಅಂತ ಚೀಟಿಯಲ್ಲಿ ಬರೆಯುವ ಪದ್ಧತಿ ಶುರುವಾಗಿದ್ದು 1930ರ ದಶಕದಲ್ಲಿ, ಬೆಲ್ಜಿಯಂ ಆಡಳಿತದಲ್ಲಿ.

ಇಷ್ಟು ಹೊತ್ತು ಶುರುವಾಗುವ ಬಗ್ಗೆ ಹೇಳಿದೆ. ನಿಲ್ಲಿಸುವುದು ಇನ್ನೂ ಕಷ್ಟ.

ಬಾರ್ಬರಾ ವಾಲ್ಟರ್ ಎಂಬ ವಿದ್ವಾಂಸೆ 1940ರಿಂದ 1990ರವರೆಗಿನ ಯುದ್ಧಗಳನ್ನು ನೋಡಿದರು. ದೇಶ ದೇಶಗಳ ಯುದ್ಧದಲ್ಲಿ ಶೇ. 55ರಷ್ಟು ಮಾತುಕತೆಯಲ್ಲಿ ಮುಗಿದಿದ್ದವು. ಅಂತರ್ಯುದ್ಧದಲ್ಲಿ ಶೇ. 20 ಮಾತ್ರ. ಅವರು ಕೊಟ್ಟ ಕಾರಣ ಸರಳ. ಎರಡು ದೇಶಗಳು ರಾಜಿಯಾದರೆ ಸೈನ್ಯ ತನ್ನ ಗಡಿಗೆ ಹೋಗುತ್ತದೆ, ಬಂದೂಕು ಕೈಯಲ್ಲೇ ಇರುತ್ತದೆ. ಅಂತರ್ಯುದ್ಧದಲ್ಲಿ ರಾಜಿ ಅಂದರೆ ಒಂದು ಕಡೆಯವರು ಬಂದೂಕು ಕೊಟ್ಟು, ನಿನ್ನೆಯವರೆಗೆ ತಮ್ಮನ್ನು ಕೊಲ್ಲುತ್ತಿದ್ದವರ ಆಡಳಿತದಲ್ಲಿ ಬದುಕಬೇಕು. ಕಾಗದದ ಮೇಲೆ ಏನೇ ಬರೆದಿರಲಿ, ನಾಳೆ ಅವರು ಮಾತು ತಪ್ಪಿದರೆ ಕೇಳುವವರು ಯಾರು? ಬಹಳ ಸಲ ಒಪ್ಪಂದ ಮುರಿಯುವುದು ದುರಾಸೆಗಿಂತ ಈ ಭಯದಿಂದ.

ನೇಪಾಳ ಈ ಭಯವನ್ನು ನಿಭಾಯಿಸಿದ ರೀತಿ ಸೊಗಸಾಗಿದೆ. 2006ರ ನವೆಂಬರ್‌ನಲ್ಲಿ ಒಪ್ಪಂದವಾಯಿತು. ಮಾವೋವಾದಿ ಹೋರಾಟಗಾರರು ಶಿಬಿರಗಳಿಗೆ ಬಂದರು. ಶಸ್ತ್ರ ಒಪ್ಪಿಸಿ ಅಂತ ಯಾರೂ ಹೇಳಲಿಲ್ಲ. ಶಿಬಿರದಲ್ಲೇ ಕಬ್ಬಿಣದ ಕಂಟೇನರ್ ಇಟ್ಟರು. ಬಂದೂಕುಗಳನ್ನು ಎಣಿಸಿ, ದಾಖಲಿಸಿ ಅದರೊಳಗೆ ಇಟ್ಟು ಬೀಗ ಹಾಕಿದರು. ಬೀಗದ ಕೈ ಮಾವೋವಾದಿ ಕಮಾಂಡರ್ ಹತ್ತಿರವೇ! ಆದರೆ ಕಂಟೇನರ್ ಮೇಲೆ ವಿಶ್ವಸಂಸ್ಥೆಯ ಕ್ಯಾಮೆರಾ ಕಣ್ಣು, ತೆಗೆದರೆ ಹೊಡೆದುಕೊಳ್ಳುವ ಸೈರನ್. ಸರ್ಕಾರಿ ಸೈನ್ಯವೂ ಅಷ್ಟೇ ಸಂಖ್ಯೆಯ ಬಂದೂಕುಗಳನ್ನು ಹಾಗೇ ಬೀಗ ಹಾಕಿ ಇಟ್ಟಿತು. ಯಾರೂ ಶರಣಾಗಲಿಲ್ಲ, ಯಾರೂ ಬರಿಗೈ ಆಗಲಿಲ್ಲ, ಕದ್ದು ತೆಗೆದರೆ ಜಗತ್ತಿಗೇ ಗೊತ್ತಾಗುತ್ತದೆ. ಲೆಕ್ಕ ಮಾತ್ರ ನಗು ಬರಿಸುವಂತಿತ್ತು. ವಿಶ್ವಸಂಸ್ಥೆ ಪರಿಶೀಲಿಸಿ ಒಪ್ಪಿದ ಹೋರಾಟಗಾರರು 19,602, ದಾಖಲಾದ ಬಂದೂಕು 3,475. ಎಲ್ಲರೂ ಸುಮ್ನೆ ಒಪ್ಪಿಕೊಂಡರು. ಒಪ್ಪಿದ್ದು ಒಳ್ಳೆಯದೇ ಆಯಿತು.

ಅಲ್ಲಿಂದ ಆಫ್ರಿಕಾದ ಎರಡು ದೇಶಗಳಿಗೆ ಬನ್ನಿ. ಅಂಗೋಲಾ ಮತ್ತು ಮೊಜಾಂಬಿಕ್. ಎರಡೂ ಪೋರ್ಚುಗಲ್ ವಸಾಹತು, ಎರಡಕ್ಕೂ 1975ರಲ್ಲಿ ಸ್ವಾತಂತ್ರ್ಯ, ಎರಡರಲ್ಲೂ ಎಡಪಂಥದ ಸರ್ಕಾರ, ಹೊರಗಿನವರ ಬೆಂಬಲ ಇದ್ದ ಬಂಡುಕೋರರು. ಅಂಗೋಲಾದಲ್ಲಿ 1991ರಲ್ಲಿ ಒಪ್ಪಂದವಾಗಿ 1992ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆಯಿತು. ವಿಶ್ವಸಂಸ್ಥೆ ಕಳಿಸಿದ ಸೇನಾ ವೀಕ್ಷಕರು ಕೆಲವೇ ನೂರು ಜನ, ದೇಶವೋ 12 ಲಕ್ಷ ಚದರ ಕಿಲೋಮೀಟರ್‌ಗಿಂತ ದೊಡ್ಡದು. ಸೈನ್ಯಗಳನ್ನು ವಿಸರ್ಜಿಸುವ ಕೆಲಸ ಮುಗಿದೇ ಇರಲಿಲ್ಲ. ಬಂಡುಕೋರ ನಾಯಕ ಜೋನಾಸ್ ಸವಿಂಬಿ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದರು, ಮೋಸ ಅಂದರು, ಕೈಯಲ್ಲಿದ್ದ ಸೈನ್ಯ ಕಟ್ಟಿಕೊಂಡು ಯುದ್ಧಕ್ಕೆ ಹೋದರು. ಗೆದ್ದವನಿಗೆ ಎಲ್ಲ, ಸೋತವನಿಗೆ ಏನೂ ಇಲ್ಲ ಅನ್ನುವ ವ್ಯವಸ್ಥೆ ಬೇರೆ. 2002ರಲ್ಲಿ ಸವಿಂಬಿ ಸಾಯುವವರೆಗೂ ಅದು ನಿಲ್ಲಲಿಲ್ಲ.

ಮೊಜಾಂಬಿಕ್ ಒಪ್ಪಂದಕ್ಕೆ 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಸಹಿ ಬಿತ್ತು. ಮಧ್ಯಸ್ಥಿಕೆ ಮಾಡಿದ್ದು ಸಾಂತ್ ಎಜಿಡಿಯೋ ಎಂಬ ಕ್ಯಾಥೊಲಿಕ್ ಸಂಘಟನೆ. ಅಂಗೋಲಾದಲ್ಲಿ ಆದದ್ದನ್ನು ಎಲ್ಲರೂ ಆಗಷ್ಟೇ ನೋಡುತ್ತಿದ್ದರು. ಹಾಗಾಗಿ ವಿಶ್ವಸಂಸ್ಥೆ ಸಾವಿರಾರು ಸೈನಿಕರನ್ನು ಕಳಿಸಿತು. ಮೊದಲು ಎರಡೂ ಕಡೆಯ ಸೈನ್ಯ ವಿಸರ್ಜನೆ, ಆಮೇಲೆ ಚುನಾವಣೆ ಅಂತ ಹಟ ಹಿಡಿಯಿತು. ಅದಕ್ಕಾಗಿ ಚುನಾವಣೆ ಒಂದು ವರ್ಷ ಮುಂದಕ್ಕೂ ಹೋಯಿತು. ಮನೆಗೆ ಹೋದ ಸೈನಿಕನಿಗೆ, ಅವನು ಯಾವ ಕಡೆಯವನೇ ಇರಲಿ, ತನಗೆ ಬೇಕಾದ ಜಿಲ್ಲೆಗೆ ಪ್ರಯಾಣದ ವ್ಯವಸ್ಥೆ, ಹೆಚ್ಚುಕಡಿಮೆ ಎರಡು ವರ್ಷ ಹಣ. ಬಂಡುಕೋರ ಸಂಘಟನೆ ರೆನಾಮೊ ರಾಜಕೀಯ ಪಕ್ಷವಾಗಲು ವಿದೇಶಿ ದಾನಿಗಳು ಒಂದು ನಿಧಿ ಮಾಡಿದರು. ಕಚೇರಿ, ಗಾಡಿ, ನಾಯಕರಿಗೆ ಮನೆ. "ಲಂಚ ಕೊಟ್ಟು ಶಾಂತಿ ಕೊಂಡರು" ಅಂತ ಬೈದವರಿದ್ದಾರೆ. ಇರಲಿ ಬಿಡಿ. ಸುಮಾರು 10 ಲಕ್ಷ ಜನ ಸತ್ತಿದ್ದ ಯುದ್ಧ ಅದು. 1994ರ ಚುನಾವಣೆಯಲ್ಲಿ ರೆನಾಮೊ ಸೋತು ವಿರೋಧ ಪಕ್ಷದಲ್ಲಿ ಕೂತಿತು.

ಇದನ್ನು ಇರಾಕ್ ಜೊತೆ ಇಟ್ಟು ನೋಡಿ. 2003ರ ಮೇ ತಿಂಗಳಲ್ಲಿ ಅಮೆರಿಕದ ಆಡಳಿತ ಒಂದು ಆದೇಶದಲ್ಲಿ ಇಡೀ ಇರಾಕಿ ಸೈನ್ಯವನ್ನು ವಿಸರ್ಜಿಸಿತು. ಲಕ್ಷಗಟ್ಟಲೆ ಜನ, ಬಂದೂಕು ಹಿಡಿಯಲು ಬರುತ್ತದೆ, ಸಂಬಳ ಇಲ್ಲ, ಮರ್ಯಾದೆ ಹೋಗಿದೆ. ಅದರಲ್ಲಿ ಎಷ್ಟೋ ಜನ ಮುಂದೆ ಎಲ್ಲಿ ಕಾಣಿಸಿಕೊಂಡರು ಅಂತ ನಿಮಗೆ ಗೊತ್ತೇ ಇದೆ.

ಪೊಲೀಸ್ ವ್ಯವಸ್ಥೆ ಬಗ್ಗೆ ಎರಡು ಮಾತು. ಉತ್ತರ ಐರ್ಲೆಂಡ್‌ನಲ್ಲಿ ಸಂಘರ್ಷ ನಿಲ್ಲಿಸಲು ಆದ 1998ರ ಒಪ್ಪಂದದ ಹೊತ್ತಿಗೆ ಜನಸಂಖ್ಯೆಯಲ್ಲಿ ಕ್ಯಾಥೊಲಿಕರು ಶೇ. 40ಕ್ಕಿಂತ ಹೆಚ್ಚು, ಪೊಲೀಸರಲ್ಲಿ ಶೇ. 8ರ ಆಸುಪಾಸು. 2001ರಲ್ಲಿ ಹೆಸರು, ಲಾಂಛನ ಸಮೇತ ಇಲಾಖೆಯನ್ನೇ ಹೊಸದು ಮಾಡಿದರು. ಹತ್ತು ವರ್ಷ ಹೊಸ ನೇಮಕಾತಿಯಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು. ಇದು ಅನ್ಯಾಯ ಅಂತ ಗಲಾಟೆಯೂ ಆಯಿತು. ಆದರೆ ಕ್ಯಾಥೊಲಿಕರ ಕಡೆಯ ಸಶಸ್ತ್ರ ಸಂಘಟನೆ ಐಆರ್‌ಎ ಶಸ್ತ್ರ ತ್ಯಜಿಸಿದ್ದು 2005ರಲ್ಲಿ, ಅದರ ರಾಜಕೀಯ ಪಕ್ಷ ಪೊಲೀಸರನ್ನು ಒಪ್ಪಿಕೊಂಡಿದ್ದು 2007ರಲ್ಲಿ. ಒಂದಾದ ಮೇಲೊಂದು ಹೀಗೆ ಆದದ್ದು ಆಕಸ್ಮಿಕ ಅಲ್ಲ ಅಂತ ನನ್ನ ಅಭಿಪ್ರಾಯ.

ಶಿಕ್ಷೆಯ ವಿಷಯ ಅತ್ಯಂತ ಕಷ್ಟದ್ದು. 1999ರ ಲೊಮೆ ಒಪ್ಪಂದದಲ್ಲಿ ಸಿಯೆರಾ ಲಿಯೋನ್‌ನ ಬಂಡುಕೋರ ನಾಯಕ ಫೋಡೆ ಸಾಂಕೋಗೆ ಪೂರ್ತಿ ಕ್ಷಮೆ ಕೊಟ್ಟರು. ಮೇಲಿಂದ ವಜ್ರ, ಖನಿಜ ನೋಡಿಕೊಳ್ಳುವ ಆಯೋಗದ ಅಧ್ಯಕ್ಷತೆ! ಅವನ ಬಂಡುಕೋರರು ಕೈಕಾಲು ಕತ್ತರಿಸಿದ್ದ ಜನ ಅದನ್ನು ನೋಡುತ್ತ ಕೂತಿರಬೇಕಿತ್ತು. ಮರು ವರ್ಷವೇ ಅವನ ಕಡೆಯವರು ವಿಶ್ವಸಂಸ್ಥೆಯ ಸುಮಾರು 500 ಸೈನಿಕರನ್ನು ಒತ್ತೆ ಇಟ್ಟುಕೊಂಡರು. ಒಪ್ಪಂದ ಅಲ್ಲಿಗೆ ಮುರಿಯಿತು. ಫಾರ್ಕ್ ಎಂಬ ಬಂಡುಕೋರ ಸಂಘಟನೆ ಜೊತೆಗಿನ ಒಪ್ಪಂದದಲ್ಲಿ ಕೊಲಂಬಿಯಾ 2016ರಲ್ಲಿ ಬೇರೆ ದಾರಿ ಹಿಡಿಯಿತು. ಮಾಡಿದ್ದನ್ನೆಲ್ಲ ವಿಶೇಷ ನ್ಯಾಯಾಲಯದ ಮುಂದೆ ಒಪ್ಪಿಕೊಂಡರೆ ಜೈಲಿಲ್ಲ, 5ರಿಂದ 8 ವರ್ಷ ನಿರ್ಬಂಧದಲ್ಲಿ ಬದುಕು, ನೊಂದವರಿಗೆ ಉಪಯೋಗವಾಗುವ ಕೆಲಸ. ಸುಳ್ಳು ಹೇಳಿದರೆ 20 ವರ್ಷದವರೆಗೆ ಜೈಲು. ಇದು ಬಂಡುಕೋರರಿಗೂ ಅನ್ವಯ, ಸೈನಿಕರಿಗೂ ಅನ್ವಯ. ಪೂರ್ತಿ ನ್ಯಾಯ ಅಲ್ಲ. ಲೊಮೆಗಿಂತ ಎಷ್ಟೋ ವಾಸಿ.

ಇನ್ನು ಪ್ರಶ್ನೆಗಳು.

ಮೊದಲ ಪ್ರಶ್ನೆ ಒಬ್ಬ ಯುವಕರದ್ದು. "ಇಷ್ಟೆಲ್ಲ ಯಾಕೆ ಸರ್? ಶ್ರೀಲಂಕಾ 2009ರಲ್ಲಿ ಸೈನ್ಯದಿಂದಲೇ ಮುಗಿಸಿತಲ್ವಾ?"

ಹೌದು, ಬಂದೂಕಿನ ಸದ್ದು ನಿಂತಿತು. ಅದನ್ನು ಅಲ್ಲಗಳೆಯುವುದಿಲ್ಲ. ಕೊನೆಯ ತಿಂಗಳುಗಳಲ್ಲಿ 40 ಸಾವಿರದಷ್ಟು ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಸರ್ಕಾರ ಅದನ್ನು ಒಪ್ಪಲಿಲ್ಲ. ನಾನು ಕೇಳುವುದು ಇಷ್ಟೇ, ಗೆದ್ದ ಮೇಲೆ ಏನಾಯಿತು? 1987ರ ಹದಿಮೂರನೇ ತಿದ್ದುಪಡಿ ಪ್ರಾಂತ್ಯಗಳಿಗೆ ಪೊಲೀಸ್ ಮತ್ತು ಭೂಮಿಯ ಅಧಿಕಾರ ಕೊಡುತ್ತದೆ. ಅದು ಇನ್ನೂ ಕೈಗೆ ಸಿಕ್ಕಿಲ್ಲ. ಇದರ ಪಕ್ಕದಲ್ಲಿ ಅಚೆ ಎಂಬ ಪ್ರಾಂತ್ಯವನ್ನು ಇಟ್ಟು ನೋಡಿ. 2004ರ ಡಿಸೆಂಬರ್ 26ರ ಸುನಾಮಿ ಇಂಡೋನೇಷ್ಯಾದ ಅಚೆ ಮತ್ತು ಶ್ರೀಲಂಕಾ ಎರಡನ್ನೂ ಹೊಡೆಯಿತು. ಎರಡೂ ಕಡೆ ಆಗ ಬಂಡಾಯ ಮುಗಿದಿರಲಿಲ್ಲ. ಶ್ರೀಲಂಕಾದಲ್ಲಿ ಪರಿಹಾರ ಹಂಚಲು ಸರ್ಕಾರ ಮತ್ತು ಹುಲಿಗಳ ನಡುವೆ ಆದ ವ್ಯವಸ್ಥೆಗೆ ಸುಪ್ರೀಂ ಕೋರ್ಟ್ ತಡೆ ಬಿತ್ತು. ಅಚೆಯಲ್ಲಿ ಎಂಟು ತಿಂಗಳೊಳಗೆ ಹೆಲ್ಸಿಂಕಿ ಒಪ್ಪಂದವಾಯಿತು. ತೈಲ ಮತ್ತು ಅನಿಲದ ಆದಾಯದಲ್ಲಿ ಶೇ. 70 ಅಚೆಗೆ, ಸ್ಥಳೀಯ ಪಕ್ಷ ಕಟ್ಟಲು ಅವಕಾಶ. 2006ರಲ್ಲಿ ಗವರ್ನರ್ ಆಗಿ ಗೆದ್ದವರು ಮಾಜಿ ಬಂಡುಕೋರರು. ಒಂದೇ ಅಲೆ ಎರಡೂ ಕಡೆ ಅಪ್ಪಳಿಸಿತ್ತು.

ಎರಡನೆಯ ಪ್ರಶ್ನೆ ಹಿರಿಯರೊಬ್ಬರದ್ದು. "ಒಪ್ಪಂದ ಮಾಡಿಕೊಂಡರೆ ಸಾಕು ಅಂತ ನೀವು ಹೇಳುತ್ತಿರುವ ಹಾಗಿದೆ. ಅದಾದ ಮೇಲೂ ಸಾಯುತ್ತಾರಲ್ಲ?"

ಸಾಯುತ್ತಾರೆ. ಕೊಲಂಬಿಯಾದಲ್ಲಿ ಫಾರ್ಕ್ ಬಂಡುಕೋರರು ಕಾಡು ಬಿಟ್ಟು ಬಂದರು. ಅವರು ಖಾಲಿ ಮಾಡಿದ ಜಾಗಕ್ಕೆ ಸರ್ಕಾರ ಬೇಗ ಹೋಗಲಿಲ್ಲ, ಕೋಕಾ ವ್ಯಾಪಾರದ ಬೇರೆ ಗುಂಪುಗಳು ಹೋದವು. ಒಪ್ಪಂದದ ನಂತರ 400ಕ್ಕೂ ಹೆಚ್ಚು ಮಾಜಿ ಹೋರಾಟಗಾರರ ಕೊಲೆಯಾಗಿದೆ. ನಾನು ಹೊಗಳಿದ ಮೊಜಾಂಬಿಕ್‌ನಲ್ಲೂ 2013ರಲ್ಲಿ ಗುಂಡಿನ ಸದ್ದು ಮತ್ತೆ ಕೇಳಿತು. ರೆನಾಮೊ ಒಂದಷ್ಟು ಶಸ್ತ್ರಸಜ್ಜಿತರನ್ನು ಹಾಗೇ ಇಟ್ಟುಕೊಂಡಿತ್ತು, ಪ್ರಾಂತ್ಯಗಳಲ್ಲಿ ಅಧಿಕಾರ ಸಿಗಲಿಲ್ಲ ಅನ್ನುವ ಸಿಟ್ಟು ಇತ್ತು. 2019ರಲ್ಲಿ ಮತ್ತೊಂದು ಒಪ್ಪಂದ ಮಾಡಿಕೊಂಡರು. ಐದು ಸಾವಿರಕ್ಕೂ ಹೆಚ್ಚು ಜನ ಶಸ್ತ್ರ ಒಪ್ಪಿಸಿದರು. ಕೊನೆಯ ನೆಲೆ ಮುಚ್ಚಿದ್ದು 2023ರ ಜೂನ್‌ನಲ್ಲಿ, ರೋಮ್‌ನಲ್ಲಿ ಸಹಿ ಹಾಕಿ ಮೂವತ್ತು ವರ್ಷ ದಾಟಿದ ಮೇಲೆ. ಆ ಕೊನೆಯ ಹಂತದಲ್ಲಿ ಅವರು ಪಟ್ಟು ಹಿಡಿದು ಕೇಳಿದ್ದರಲ್ಲಿ ಒಂದು, ಪಿಂಚಣಿ.